ಆರ್ಸೆನಿಕ್ ಹುಡುಕಲು ಹೋದೆ, ಫ್ಲೋರೈಡ್ ಸಿಕ್ಕಿತು: ಬೋರ್ ನೀರನ್ನು ವರ್ಷಗಟ್ಟಲೆ ಕುಡಿದರೆ ದೇಹಕ್ಕೆ ಏನಾಗುತ್ತದೆ?

ಹೋದ ತಿಂಗಳು ಕುಣಿಗಲ್ ಕಡೆಯ ಒಬ್ಬ ಹುಡುಗ ನನಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಕಳಿಸಿದ. ಬಂಗಾಳದ ಯಾವುದೋ ಹಳ್ಳಿ. ವಯಸ್ಸಾದ ರೈತರೊಬ್ಬರು ಎರಡೂ ಅಂಗೈ ಚಾಚಿ ತೋರಿಸ್ತಾರೆ. ಅಂಗೈ ತುಂಬ ಆಣಿ ಥರ ಗಟ್ಟಿ ಗಂಟುಗಳು. ಎದೆ ಮೇಲೆ ಮಳೆ ಹನಿ ಸಿಡಿದ ಹಾಗೆ ಕಪ್ಪು ಬಿಳಿ ಚುಕ್ಕೆಗಳು. ಕೆಳಗೆ ಅವನ ಪ್ರಶ್ನೆ: "ಅಣ್ಣಾ, ಇದು ಬೋರ್ ನೀರಲ್ಲಿರೋ ಆರ್ಸೆನಿಕ್‌ನಿಂದ ಆಗೋದಂತೆ. ನಮ್ಮ ಬೋರ್‌ನಲ್ಲೂ ಇರಬಹುದಾ?"

"ನಮ್ಮ ಕಡೆ ಅದೆಲ್ಲ ಇಲ್ಲ ಬಿಡಪ್ಪ" ಅಂತ ಟೈಪ್ ಮಾಡಿದೆ. ಕಳಿಸೋಕೆ ಮುಂಚೆ ಬೆರಳು ನಿಂತುಬಿಡ್ತು. ನನಗೆ ಹೇಗೆ ಗೊತ್ತು? ಗುಬ್ಬಿ ತಾಲ್ಲೂಕಿನ ನಮ್ಮ ತೋಟದಲ್ಲಿ ಬೋರ್ ಕೊರೆಸಿದ್ದು 2010ರಲ್ಲಿ. 720 ಅಡಿ. ಅವತ್ತಿಂದ ಕುಡಿಯೋದು, ಅಡುಗೆ ಮಾಡೋದು, ಹಸುಗಳಿಗೆ ಕುಡಿಸೋದು ಎಲ್ಲ ಅದೇ ನೀರು. ಒಂದೇ ಒಂದು ಸಲವೂ ಪರೀಕ್ಷೆ ಮಾಡಿಸಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಮಣ್ಣು ಪರೀಕ್ಷೆ ಮಾಡಿಸಿ ಅಂತ ನಿಮಗೆಲ್ಲ ಹೇಳೋ ನಾನು, ತೆಂಗಿನ ಗರಿ ಹಳದಿಯಾದರೆ ಫೋಟೋ ತೆಗೆದು ನಾಲ್ಕು ಜನರನ್ನ ಕೇಳೋ ನಾನು, ಮನೆಯವರು ಕುಡಿಯೋ ನೀರಲ್ಲಿ ಏನಿದೆ ಅಂತ ಕೇಳಿರಲಿಲ್ಲ.

ಆ ಹುಡುಗನಿಗೆ ಉತ್ತರ ಕಳಿಸಲಿಲ್ಲ. ಬದಲಿಗೆ ಮೂರು ಬಾಟಲಿ ನೀರು ಹಿಡಿದೆ. ಒಂದು ಗುಬ್ಬಿಯ ನಮ್ಮ ಬೋರ್‌ದು, ಒಂದು ಕುಣಿಗಲ್ ಹತ್ತಿರ ನಮ್ಮ ಅಕ್ಕನ ಮನೆಯದು, ಇನ್ನೊಂದು ತುಮಕೂರು ನಗರದಲ್ಲಿ ನನ್ನ ತಮ್ಮ ಬಾಡಿಗೆಗೆ ಇರೋ ಮನೆಯ ಬೋರ್‌ದು. ಮೂರನ್ನೂ ತುಮಕೂರಿನ ಒಂದು ಲ್ಯಾಬ್‌ಗೆ ಕೊಟ್ಟೆ. ವರದಿ ಬರೋಕೆ ಕೆಲವು ದಿನ ಹಿಡೀತು. ಆ ದಿನಗಳಲ್ಲಿ ಆರ್ಸೆನಿಕ್ ಬಗ್ಗೆ ಓದಿ ತಿಳ್ಕೊಂಡದ್ದನ್ನ ಮೊದಲು ಹೇಳ್ತೀನಿ. ವರದಿಯಲ್ಲಿ ಏನಿತ್ತು ಅನ್ನೋದು ಆಮೇಲೆ.

ಆರ್ಸೆನಿಕ್ ಅಂದರೆ ನಮ್ಮ ಹಿರಿಯರ ಪಾಷಾಣ

ಹೆಸರು ಹೊಸದು ಅನ್ನಿಸಿದರೂ ವಸ್ತು ಹಳೆಯದು. ಕಥೆಗಳಲ್ಲಿ ಬರೋ ಶಂಖಪಾಷಾಣ ಅಂದರೆ ಆರ್ಸೆನಿಕ್ಕೇ. ಒಂದೇ ಸಲ ಜಾಸ್ತಿ ಹೊಟ್ಟೆಗೆ ಹೋದರೆ ವಾಂತಿ, ಭೇದಿಯಾಗಿ ಪ್ರಾಣ ಹೋಗುತ್ತದೆ. ನಾವು ಈಗ ಮಾತಾಡ್ತಿರೋದು ಅದರ ಬಗ್ಗೆ ಅಲ್ಲ. ದಿನಾ ಕಣ್ಣಿಗೆ ಕಾಣದಷ್ಟು ಸ್ವಲ್ಪ, ಹತ್ತು ಹದಿನೈದು ವರ್ಷ ಒಳಗೆ ಹೋದರೆ ಏನಾಗುತ್ತದೆ ಅನ್ನೋದರ ಬಗ್ಗೆ.

ಭೂಮಿಯೊಳಗಿನ ಕೆಲವು ಬಂಡೆಗಳಲ್ಲಿ ಆರ್ಸೆನಿಕ್ ಸಹಜವಾಗಿಯೇ ಇರುತ್ತದೆ. ಚಿನ್ನ ಸಿಗುವ ಬಂಡೆಗಳಲ್ಲಿ ಆರ್ಸೆನಿಕ್, ಕಬ್ಬಿಣ, ಗಂಧಕ ಮೂರೂ ಸೇರಿದ ಖನಿಜ ಚಿನ್ನದ ಜೊತೆಗೇ ಇರೋದು ಸಾಮಾನ್ಯ. ಆ ಬಂಡೆಯ ಸಂದಿಯಲ್ಲಿ ನಿಂತ ನೀರಿಗೆ ಅದು ನಿಧಾನವಾಗಿ ಕರಗಿ ಬರಬಹುದು. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. "ನಮ್ಮ ಬೋರ್ ನೀರು ಎಳನೀರಿನ ಹಾಗಿದೆ" ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಒಂದು ಲೀಟರ್‌ನಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಂ ಒಳಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅಷ್ಟೇ. ಅದು ಎಷ್ಟು ಕಡಿಮೆ ಅಂದರೆ, 5,000 ಲೀಟರ್‌ನ ಟ್ಯಾಂಕರ್‌ಗೆ 50 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ನಾಲಿಗೆಗೆ ಇದು ಗೊತ್ತಾಗೋ ಮಾತೇ ಇಲ್ಲ.

ದೇಹದೊಳಗೆ ಹೋಗಿ ಏನು ಮಾಡುತ್ತದೆ?

ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಡಿಎಪಿಯಲ್ಲಿ ನಾವು ಗಿಡಕ್ಕೆ ರಂಜಕ ಕೊಡ್ತೀವಲ್ಲ, ಆರ್ಸೆನಿಕ್‌ನ ಒಂದು ರೂಪ ನೋಡೋಕೆ ಆ ರಂಜಕದ ಹಾಗೇ ಇರುತ್ತದೆ. ನಮ್ಮ ಜೀವಕೋಶಕ್ಕೆ ಶಕ್ತಿ ತಯಾರಿಸಲು ರಂಜಕ ಬೇಕು. ವೇಷ ಹಾಕಿಕೊಂಡು ಬಂದ ಆರ್ಸೆನಿಕ್ ಅದರ ಜಾಗದಲ್ಲಿ ಕೂತುಬಿಡುತ್ತದೆ, ಕೆಲಸ ಕೆಡುತ್ತದೆ. ಇನ್ನೊಂದು ರೂಪ ಗಂಧಕ ಇರುವ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಕೂದಲು, ಉಗುರಿನಲ್ಲಿ ಅಂಥ ಪ್ರೋಟೀನ್ ಜಾಸ್ತಿ ಇರೋದರಿಂದಲೇ ಅಲ್ಲಿ ಆರ್ಸೆನಿಕ್ ಶೇಖರವಾಗುತ್ತದೆ. ಮೂತ್ರ ಪರೀಕ್ಷೆ ಇತ್ತೀಚಿನ ಕೆಲವು ದಿನಗಳ ಲೆಕ್ಕ ಹೇಳಿದರೆ, ಕೂದಲು ಮತ್ತು ಉಗುರು ಕೆಲವು ತಿಂಗಳ ಲೆಕ್ಕ ಹೇಳುತ್ತವೆ.

ದೇಹ ಸುಮ್ಮನೆ ಇರೋದಿಲ್ಲ. ಲಿವರ್ ಅದನ್ನು ಬದಲಾಯಿಸಿ ಮೂತ್ರದಲ್ಲಿ ಹೊರಗೆ ಹಾಕುತ್ತಲೇ ಇರುತ್ತದೆ. ಆದರೆ ದಿನಾ ಒಳಗೆ ಬರ್ತಾನೇ ಇದ್ದರೆ ಎಷ್ಟು ಅಂತ ಹಾಕೀತು? ಲಕ್ಷಣಗಳು ಸಾಮಾನ್ಯವಾಗಿ ಹೀಗೆ ಕಾಣಿಸಿಕೊಳ್ಳುತ್ತವೆ:

ಮೊದಲು ಚರ್ಮ. ಕನಿಷ್ಠ ಐದು ವರ್ಷವಾದರೂ ಕುಡಿದ ಮೇಲೆ ಎದೆ, ಬೆನ್ನಿನ ಮೇಲೆ ಮಳೆ ಹನಿಯಂಥ ಚುಕ್ಕೆಗಳು ಬರುತ್ತವೆ. ಅಂಗೈ, ಅಂಗಾಲು ದಪ್ಪವಾಗಿ ಗಂಟುಗಂಟಾಗುತ್ತದೆ. ಗುದ್ದಲಿ ಹಿಡಿದ ಕೈ ಅಲ್ವಾ, ಗಟ್ಟಿಯಾಗಿದೆ ಅಂತ ನಾವು ಬಿಟ್ಟುಬಿಡ್ತೀವಿ. ಒಂದು ವ್ಯತ್ಯಾಸ ನೆನಪಿಡಿ. ಕೆಲಸದಿಂದ ಬರೋ ಗಡಸು, ಹಿಡಿ ತಾಗೋ ಜಾಗದಲ್ಲಿ ಮಾತ್ರ ಇರುತ್ತದೆ. ಆರ್ಸೆನಿಕ್‌ದು ಎರಡೂ ಅಂಗೈ, ಎರಡೂ ಅಂಗಾಲಿನಲ್ಲಿ ಹರಡಿಕೊಂಡು ಬರುತ್ತದೆ.

ಆಮೇಲೆ ನರ ಮತ್ತು ರಕ್ತನಾಳ. ಕೈಕಾಲು ಜೋಮು, ಉರಿ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧ ಕಂಡುಬಂದಿದೆ. ತೈವಾನ್‌ನಲ್ಲಿ ಇಂಥ ನೀರು ಕುಡಿದವರ ಪಾದಗಳಿಗೆ ರಕ್ತ ಹೋಗೋದು ನಿಂತು ಕಪ್ಪಾಗಿ ಕೊಳೆಯುತ್ತಿದ್ದವು. ಆ ರೋಗಕ್ಕೆ ಕಪ್ಪುಪಾದದ ರೋಗ ಅಂತಲೇ ಹೆಸರು ಬಂತು.

ಕೊನೆಗೆ ಕ್ಯಾನ್ಸರ್. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ಗೆ ಆರ್ಸೆನಿಕ್ ಕಾರಣ ಅನ್ನೋದು ಖಚಿತವಾಗಿದೆ. ಬೀಡಿ, ಸಿಗರೇಟ್ ಸೇದುವವರಿಗೆ ಶ್ವಾಸಕೋಶದ ಅಪಾಯ ಇನ್ನೂ ಹೆಚ್ಚು. ಹೊಟ್ಟೆಯಲ್ಲಿರೋ ಮಗುವಿಗೂ ತಾಯಿಯಿಂದ ಆರ್ಸೆನಿಕ್ ತಲುಪುತ್ತದೆ. ಮಕ್ಕಳ ಕಲಿಯುವ ಶಕ್ತಿಯ ಮೇಲೂ ಪರಿಣಾಮ ಇದೆ.

ನೀರು ಬದಲಾಯಿಸಿದ ಕೂಡಲೇ ಎಲ್ಲ ಸರಿಹೋಗುತ್ತಾ? ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಆಂಟೊಫಗಾಸ್ಟಾ ಅನ್ನೋ ಊರಿದೆ. 1958ರಲ್ಲಿ ಅಲ್ಲಿಗೆ ಹೊಸದಾಗಿ ನದಿ ನೀರು ತಂದರು. ಅದರಲ್ಲಿ ಆರ್ಸೆನಿಕ್ ವಿಪರೀತ ಇತ್ತು. 1970ರಲ್ಲಿ ಶುದ್ಧೀಕರಣ ಘಟಕ ಹಾಕಿದರು. ಕುಡಿದದ್ದು ಹನ್ನೆರಡು ವರ್ಷ. ಆದರೆ ಅದಾಗಿ ದಶಕಗಳ ನಂತರವೂ ಅಲ್ಲಿ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಸಾವುಗಳು ಜಾಸ್ತಿಯೇ ಇದ್ದವು. ಹಾಗಂತ ನೀರು ಬದಲಾಯಿಸಿ ಪ್ರಯೋಜನ ಇಲ್ಲ ಅಂತ ಅಲ್ಲ. ಬದಲಾಯಿಸಿದ ದಿನದಿಂದ ಹೊಸ ವಿಷ ನಿಲ್ಲುತ್ತದೆ. ತಡಮಾಡಿದ ಒಂದೊಂದು ವರ್ಷವೂ ಲೆಕ್ಕಕ್ಕೆ ಸೇರುತ್ತದೆ.

ಒಂದು ಮಾತು ಎಲ್ಲರಿಗೂ ಹೇಳಿ: ಇದು ಅಂಟುರೋಗ ಅಲ್ಲ. ಮುಟ್ಟಿದರೆ, ಜೊತೆಗೆ ಊಟ ಮಾಡಿದರೆ ಬರೋದಿಲ್ಲ. ಬಾಂಗ್ಲಾದೇಶದಲ್ಲಿ ಇದನ್ನ ಕುಷ್ಠ ಅಂದ್ಕೊಂಡು ಜನರನ್ನ ದೂರ ಇಟ್ಟದ್ದುಂಟು, ಹೆಣ್ಣುಮಕ್ಕಳ ಮದುವೆ ನಿಂತದ್ದುಂಟು.

ನಮ್ಮ ಕರ್ನಾಟಕದಲ್ಲೇ ಆದದ್ದು

ಇದೆಲ್ಲ ಹೊರದೇಶದ ಕಥೆ ಅಂತ ನಾನೂ ಅಂದ್ಕೊಂಡಿದ್ದೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಅಂತ ಇದೆ. ಆ ಭಾಗದ ಮಂಗಳೂರು ಅನ್ನೋ ಊರಿನ ಬಳಿ, ಅಂದರೆ ಕರಾವಳಿಯ ಮಂಗಳೂರಲ್ಲ, ಅದೇ ಹೆಸರಿನ ಒಂದು ಹಳ್ಳಿ, ಹಿಂದೆ ಚಿನ್ನದ ಗಣಿ ನಡೀತಿತ್ತು. ಗಣಿ ಮುಚ್ಚಿತು. ಬಂಡೆ, ಗಣಿ ತ್ಯಾಜ್ಯದ ಮಣ್ಣು ಮತ್ತು ಜನ ಅಲ್ಲೇ ಉಳಿದರು.

ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಅವರು ಬಂಗಾಳದ ಆರ್ಸೆನಿಕ್ ಬಗ್ಗೆ ಜೀವಮಾನ ಪೂರ್ತಿ ಕೆಲಸ ಮಾಡಿದವರು. ಅವರ ತಂಡ ಈ ಪ್ರದೇಶವನ್ನು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿತು. 59 ಕೊಳವೆಬಾವಿಗಳ ನೀರು ನೋಡಿದರು. ಅದರಲ್ಲಿ ಶೇ. 79ರಷ್ಟರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಒಂದರಲ್ಲಂತೂ ಮಿತಿಗಿಂತ ಮೂವತ್ತು ಪಟ್ಟು. 181 ಜನರ ಚರ್ಮ ಪರೀಕ್ಷಿಸಿದರೆ ಶೇ. 58.6ರಷ್ಟು ಜನರಲ್ಲಿ ಆರ್ಸೆನಿಕ್‌ನ ಗುರುತು ಇತ್ತು. ಕೂದಲು, ಉಗುರು ಕೊಟ್ಟ 171 ಜನರಲ್ಲಿ ಒಬ್ಬರೂ ಬಿಡದೆ ಎಲ್ಲರದರಲ್ಲೂ ಆರ್ಸೆನಿಕ್ ಜಾಸ್ತಿ ಇತ್ತು.

ಅಂದರೆ ನಾವು ಶಾಲೆಗೆ ಹೋಗ್ತಿದ್ದ ಕಾಲದಲ್ಲಿ ನಮ್ಮದೇ ರಾಜ್ಯದ ಒಂದು ತಾಂಡಾದವರು ಬಾಯಾರಿಕೆಗೆ ನೀರು ಕುಡಿದು ಕಾಯಿಲೆ ಬೀಳ್ತಿದ್ದರು. ಅವರಿಗೆ ನೀರು ಚೆನ್ನಾಗಿಯೇ ಕಾಣ್ತಿತ್ತು.

ಬಂಗಾಳದ ಕಥೆಯೂ ಇಂಥದ್ದೇ. ಕೆರೆಕುಂಟೆ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯ್ತಿದ್ದಾರೆ ಅಂತ ಒಳ್ಳೆಯ ಮನಸ್ಸಿನಿಂದಲೇ ಊರೂರಿಗೆ ಕೊಳವೆಬಾವಿ ಕೊರೆಸಿದರು. ಭೇದಿಯ ಕಾಟ ಕಡಿಮೆಯಾಯಿತು. ಆದರೆ ಆರ್ಸೆನಿಕ್ ಇದೆಯಾ ಅಂತ ಯಾರೂ ನೋಡಲಿಲ್ಲ. 1983ರಲ್ಲಿ ಕೋಲ್ಕತ್ತದ ಚರ್ಮರೋಗ ತಜ್ಞ ಡಾ. ಕೆ. ಸಿ. ಸಾಹಾ ಅವರು ಪಶ್ಚಿಮ ಬಂಗಾಳದಿಂದ ಬಂದ ರೋಗಿಗಳ ಅಂಗೈ ನೋಡಿ ಇದು ನೀರಿನ ಆರ್ಸೆನಿಕ್ ಅಂತ ಗುರುತಿಸಿದರು. ಆಮೇಲೆ ಬಾಂಗ್ಲಾದೇಶದಲ್ಲಿ ಒಂದೊಂದೇ ಕೊಳವೆಬಾವಿ ಪರೀಕ್ಷೆ ಮಾಡಿ, ಸರಿ ಇದ್ದರೆ ಹಸಿರು ಬಣ್ಣ, ವಿಷ ಇದ್ದರೆ ಕೆಂಪು ಬಣ್ಣ ಬಳಿದರು. ಅಕ್ಕಪಕ್ಕದ ಎರಡು ಬೋರ್‌ಗಳಲ್ಲಿ ಒಂದು ಹಸಿರು, ಒಂದು ಕೆಂಪು ಆದದ್ದೂ ಉಂಟು. ಪಕ್ಕದ ತೋಟದವರ ವರದಿ ನಮ್ಮ ವರದಿ ಆಗೋದಿಲ್ಲ ಅನ್ನೋದು ಇದರಿಂದ ಕಲಿಯಬೇಕಾದ್ದು.

ನಮ್ಮ ಮೂರು ಬಾಟಲಿಯ ವರದಿ

ನಮ್ಮ ಜಿಲ್ಲೆಯಲ್ಲೂ ಅಜ್ಜನಹಳ್ಳಿ, ಬೆಳ್ಳಾರದ ಕಡೆ ಚಿನ್ನದ ಗಣಿ ನಡೆದದ್ದುಂಟು. ಅದೂ ತಲೆಯಲ್ಲಿತ್ತು. ಚಿನ್ನದ ಬಂಡೆ ಇದ್ದ ಮಾತ್ರಕ್ಕೆ ನೀರಲ್ಲಿ ಆರ್ಸೆನಿಕ್ ಇರಲೇಬೇಕು ಅಂತೇನಿಲ್ಲ. ಆದರೂ ಲ್ಯಾಬ್‌ಗೆ ಹೋಗುವಾಗ ಎದೆ ಡವಡವ ಅಂತಿತ್ತು.

ಮೂರೂ ಬಾಟಲಿಯಲ್ಲಿ ಆರ್ಸೆನಿಕ್ ಇರಲಿಲ್ಲ. ನಾನು ಉಸಿರು ಬಿಟ್ಟು ಎದ್ದು ಹೊರಡೋಕೆ ನೋಡಿದೆ. ಲ್ಯಾಬ್‌ನ ಮೇಡಂ, "ಕೂತ್ಕೊಳ್ಳಿ, ಇನ್ನೂ ಓದಿಲ್ಲ ನೀವು" ಅಂದು ಇನ್ನೊಂದು ಸಾಲಿನ ಮೇಲೆ ಪೆನ್ ಇಟ್ಟರು. ಫ್ಲೋರೈಡ್. ಕುಣಿಗಲ್‌ನ ಅಕ್ಕನ ಮನೆಯದು ಮಿತಿಯೊಳಗೆ. ತುಮಕೂರಿನದು ಮಿತಿಯ ಅಂಚಿನಲ್ಲಿ. ಗುಬ್ಬಿಯ ನಮ್ಮದು ಮಿತಿ ದಾಟಿತ್ತು.

"ಮನೇಲಿ ಚಿಕ್ಕ ಮಕ್ಕಳಿದ್ದಾರಾ?" ಅಂತ ಕೇಳಿದರು. ನನಗೆ ತಕ್ಷಣ ನೆನಪಾದದ್ದು ನಮ್ಮಣ್ಣನ ಮಗಳು. ಅವಳಿಗೆ ಹತ್ತು ವರ್ಷ. ಮುಂದಿನ ಹಲ್ಲಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆಗಳು, ನಡುವೆ ಕಂದು ಕಲೆ. ಸರಿಯಾಗಿ ಹಲ್ಲುಜ್ಜಲ್ಲ ಅಂತ ನಾವೆಲ್ಲ ಅವಳನ್ನ ಬೈಯ್ತಿದ್ವಿ. ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೊಂಡೇ ನಗ್ತಾಳೆ. ಅವಳ ತಪ್ಪು ಏನೂ ಇರಲಿಲ್ಲ.

ಮನೆಗೆ ಬಂದು ಹೇಳಿದರೆ ಅಮ್ಮ ಒಪ್ಪಲಿಲ್ಲ. "ಇದೇ ಊರ ನೀರು ಕುಡಿದು ನೀನು ಬೆಳೆದದ್ದು ಕಣಪ್ಪಾ, ನಿನ್ನ ಹಲ್ಲಿಗೇನಾಗಿದೆ?" ಅಂದರು. ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಿದಾಗಲೇ ನನಗೂ ಪೂರ್ತಿ ಅರ್ಥವಾದದ್ದು. ನಾನು ಬೆಳೆದದ್ದು ಹಿತ್ತಲ ಬಾವಿ ನೀರಿನಲ್ಲಿ. ನಲವತ್ತಡಿ ಬಾವಿ, ಮಳೆ ಬಂದರೆ ತುಂಬೋದು. ಅದು ಬತ್ತಿದ ಮೇಲೆ ಬೋರ್. ಅಣ್ಣನ ಮಗಳು ಹುಟ್ಟಿದ್ದು ಬೋರ್ ಬಂದ ಮೇಲೆ. ಊರು ಅದೇ, ನೀರು ಬೇರೆ.

ಫ್ಲೋರೈಡ್ ಏನು ಮಾಡುತ್ತದೆ?

ನಮ್ಮ ಕಡೆ ನೆಲದ ಕೆಳಗೆ ಇರೋದು ಗಟ್ಟಿ ಕಲ್ಲು, ಗ್ರಾನೈಟ್ ಜಾತಿಯದು. ಆ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ಮೇಲಿನ ನೀರು ಮಳೆಯಿಂದ ಆಗಾಗ ಹೊಸದಾಗುತ್ತದೆ. ಆಳದ ಬಿರುಕುಗಳಲ್ಲಿರೋ ನೀರು ಎಷ್ಟೋ ವರ್ಷ ಕಲ್ಲಿನ ಜೊತೆಗೇ ಇದ್ದು ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ನಮ್ಮ ಜಿಲ್ಲೆಯಲ್ಲಿ ಪಾವಗಡದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅನುಭವಿಸಿದವರು ಅವರು. ಗುಬ್ಬಿ, ಕುಣಿಗಲ್‌ನ ನಾವು ಅದು ಪಾವಗಡದ ಸಮಸ್ಯೆ ಅಂತ ಸುಮ್ಮನಿದ್ದೀವಿ.

ಲೀಟರ್‌ಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನುತ್ತದೆ ಮಾನದಂಡ. ಅದಕ್ಕಿಂತ ಜಾಸ್ತಿಯಾದರೆ ಮೊದಲು ಹಲ್ಲು. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ವಸಡಿನೊಳಗೆ ಶಾಶ್ವತ ಹಲ್ಲುಗಳು ತಯಾರಾಗ್ತಿರುತ್ತವೆ. ಆಗ ಕುಡಿದ ನೀರಿನ ಗುರುತು ಹಲ್ಲಿನ ಮೇಲೆ ಜೀವನ ಪೂರ್ತಿ ಉಳಿಯುತ್ತದೆ. ಉಜ್ಜಿದರೆ ಹೋಗೋದಿಲ್ಲ. ದೊಡ್ಡವರಾದ ಮೇಲೆ ಕುಡಿಯಲು ಶುರುಮಾಡಿದರೆ ಹಲ್ಲಿಗೆ ಏನೂ ಆಗೋದಿಲ್ಲ. ನನ್ನ ಹಲ್ಲು ಚೆನ್ನಾಗಿರೋದಕ್ಕೆ ಕಾರಣ ಇದೇ.

ಆದರೆ ಮೂಳೆಗೆ ವಯಸ್ಸಿನ ರಿಯಾಯಿತಿ ಇಲ್ಲ. ಹತ್ತಾರು ವರ್ಷ ಜಾಸ್ತಿ ಫ್ಲೋರೈಡ್ ಕುಡಿದರೆ ಮೂಳೆ ದಪ್ಪವಾಗುತ್ತದೆ, ಸಂಧಿ ಬಿಗಿಯುತ್ತದೆ, ಬೆನ್ನು ಬಗ್ಗೋದಿಲ್ಲ, ಕತ್ತು ತಿರುಗೋದಿಲ್ಲ. ನಮ್ಮ ಅಮ್ಮನಿಗೆ ಆರು ವರ್ಷದಿಂದ ಬೆನ್ನು, ಮಂಡಿ ಬಿಗಿತ. ವಾತ ಅಂತ ಒಂದು ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಹಾಕಿಸ್ತಾನೇ ಇದ್ವಿ. ಯಾವ ನೀರು ಕುಡೀತೀರಿ ಅಂತ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಎಲ್ಲ ಮಂಡಿನೋವೂ ಫ್ಲೋರೈಡ್‌ನಿಂದಲೇ ಅಂತ ನಾನು ಹೇಳೋದಿಲ್ಲ. ವಯಸ್ಸಿನದೂ ಇರಬಹುದು, ಎರಡೂ ಸೇರಿರಬಹುದು. ಈಗ ಮುಂಗೈ ಎಕ್ಸ್‌ರೇ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ.

ಮನೆಯಲ್ಲೇ ಮಾಡಬಹುದಾದ ಮೂರು ಸರಳ ಪರೀಕ್ಷೆ ಇವೆ. ಮಂಡಿ ಬಗ್ಗಿಸದೆ ನೆಲದ ಮೇಲಿನ ನಾಣ್ಯ ಎತ್ತಿಕೊಳ್ಳೋದು. ಗದ್ದವನ್ನು ಎದೆಗೆ ಮುಟ್ಟಿಸೋದು. ಎರಡೂ ಕೈ ಎತ್ತಿ ತಲೆಯ ಹಿಂದೆ ಕಟ್ಟಿಕೊಳ್ಳೋದು. ಇವು ಆಗ್ತಿಲ್ಲ, ಬೋರ್ ನೀರನ್ನೇ ತುಂಬ ವರ್ಷದಿಂದ ಕುಡೀತಿದ್ದಾರೆ ಅಂದರೆ ಡಾಕ್ಟರ್ ಹತ್ತಿರ ಹೋಗುವಾಗ ನೀರಿನ ವರದಿಯನ್ನೂ ತಗೊಂಡು ಹೋಗಿ. ಅಂಗೈ, ಚರ್ಮದ ಗುರುತಿಗೂ ಇದೇ ಮಾತು.

ದನಕರುಗಳನ್ನ ಮರೀಬೇಡಿ. ಒಂದು ಹಸು ನಮಗಿಂತ ಎಷ್ಟೋ ಪಟ್ಟು ನೀರು ಕುಡಿಯುತ್ತದೆ. ಅದರ ಹಲ್ಲು ಸವೆಯೋದು, ಕಾಲು ಕುಂಟೋದಕ್ಕೂ ಫ್ಲೋರೈಡ್ ಕಾರಣ ಆಗಬಹುದು.

ಮುದ್ದೆಯ ಎಸರು ಯಾವ ನೀರಿನದು?

"ನಾವು ಕುಡಿಯೋಕೆ ಫಿಲ್ಟರ್ ನೀರಿನ ಕ್ಯಾನ್ ತರ್ತೀವಿ, ನಮಗೇನೂ ಭಯ ಇಲ್ಲ" ಅನ್ನೋರು ಜಾಸ್ತಿ. ಅಕ್ಕನ ಮನೆಯಲ್ಲೂ ಹಾಗೇ. ಆದರೆ ಅಡುಗೆ ಮನೆಗೆ ಹೋಗಿ ನೋಡಿ. ಮುದ್ದೆಗೆ ಎಸರು ಇಡೋದು ಬೋರ್ ನೀರಲ್ಲಿ. ಅನ್ನಕ್ಕೆ, ಸಾರಿಗೆ, ಕಾಫಿಗೆ ಎಲ್ಲ ಬೋರ್ ನೀರೇ. ಮುದ್ದೆಗೆ ಹಾಕಿದ ನೀರು ಎಲ್ಲಿಗೂ ಹೋಗಲ್ಲ, ಅಷ್ಟೂ ಹಿಟ್ಟಿನೊಳಗೇ ಸೇರುತ್ತದೆ. ದಿನಕ್ಕೆ ಎರಡು ಹೊತ್ತು ಮುದ್ದೆ, ಸಾರು ಉಣ್ಣೋ ಮನೆಯಲ್ಲಿ ಕ್ಯಾನ್ ನೀರು ಕುಡಿದೂ ಊಟದ ಮೂಲಕ ಬೋರ್ ನೀರು ಒಳಗೆ ಹೋಗ್ತಾನೇ ಇರುತ್ತದೆ.

ಕುದಿಸಿದರೆ? ಕುದಿಸೋದರಿಂದ ಕ್ರಿಮಿ ಸಾಯುತ್ತವೆ, ಅಷ್ಟೇ. ಆರ್ಸೆನಿಕ್ ಆಗಲಿ ಫ್ಲೋರೈಡ್ ಆಗಲಿ ಆವಿಯಾಗಿ ಹೋಗೋದಿಲ್ಲ. ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಜಾಸ್ತಿಯಾಗುತ್ತದೆ. ಬಟ್ಟೆ, ಜರಡಿ, ಮರಳಿನ ಸಾದಾ ಫಿಲ್ಟರ್‌ಗೂ ಇವು ಸಿಗೋದಿಲ್ಲ.

ಸ್ನಾನ, ಬಟ್ಟೆ ಒಗೆಯೋದು, ಪಾತ್ರೆ ತೊಳೆಯೋದಕ್ಕೆ ಭಯ ಬೇಡ. ಬಾಯಿಗೆ ಹೋಗೋ ನೀರು ಮುಖ್ಯ.

ಪರೀಕ್ಷೆ ಮಾಡಿಸೋದು ಹೇಗೆ?

1. ಮೊದಲು ಗ್ರಾಮ ಪಂಚಾಯ್ತಿಯಲ್ಲಿ ವಿಚಾರಿಸಿ. ಜಲ ಜೀವನ್ ಮಿಷನ್ ಅಡಿ ಊರಲ್ಲೇ ನೀರು ಪರೀಕ್ಷಿಸೋ ಕಿಟ್ ಕೊಟ್ಟಿರುತ್ತಾರೆ. ಪ್ರತಿ ಹಳ್ಳಿಯ ಐದು ಜನ ಹೆಣ್ಣುಮಕ್ಕಳಿಗೆ ಅದರ ತರಬೇತಿ ಕೊಡಬೇಕು ಅಂತ ಯೋಜನೆಯಲ್ಲೇ ಇದೆ. ಫ್ಲೋರೈಡ್ ಎಷ್ಟಿದೆ ಅಂತ ಬಣ್ಣ ನೋಡಿ ಅಂದಾಜು ಹೇಳಬಹುದು.

2. ಖಚಿತ ಅಂಕಿ ಬೇಕಾದರೆ ಲ್ಯಾಬ್. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ, ಖಾಸಗಿಯವೂ ಇವೆ. ಆರ್ಸೆನಿಕ್ ಸಾಮಾನ್ಯ ಪಟ್ಟಿಯಲ್ಲಿ ಇಲ್ಲದಿರಬಹುದು. "ಆರ್ಸೆನಿಕ್ ಕೂಡ ನೋಡಿ" ಅಂತ ಬಾಯಿ ಬಿಟ್ಟು ಕೇಳಬೇಕು.

3. ನೀರು ಹಿಡಿಯುವ ಮೊದಲು ಮೋಟಾರ್ ಹಾಕಿ ಹತ್ತು ನಿಮಿಷ ಬಿಡಿ. ಸಿಂಟೆಕ್ಸ್ ಟ್ಯಾಂಕಿನ ನೀರು ಬೇಡ, ನೇರ ಬೋರ್ ಪೈಪಿನದೇ ಬೇಕು.

4. ಒಂದು ಲೀಟರ್‌ನ ಶುದ್ಧ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಫ್ಲೋರೈಡ್ ಪರೀಕ್ಷೆಗೆ ಗಾಜಿನದು ಬೇಡ. ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ. ಸೋಪು ಹಾಕಬೇಡಿ. ಆರ್ಸೆನಿಕ್‌ಗೆ ಲ್ಯಾಬ್‌ನವರು ಬೇರೆ ಬಾಟಲಿ ಕೊಟ್ಟರೆ ಅದನ್ನೇ ಬಳಸಿ.

5. ಬಾಟಲಿ ಮೇಲೆ ಊರು, ಸರ್ವೆ ನಂಬರ್, ಬೋರ್ ಆಳ, ದಿನಾಂಕ ಬರೆದು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ವರದಿ ಬಂದ ಮೇಲೆ ಅದರದ್ದೂ ಫೋಟೋ. ಮುಂದಿನ ಸಲ ಹೋಲಿಸೋಕೆ ಬೇಕಾಗುತ್ತದೆ.

6. ಹೊಸ ಬೋರ್ ಕೊರೆಸಿದಾಗ, ಇದ್ದದ್ದನ್ನು ಇನ್ನೂ ಆಳ ಮಾಡಿಸಿದಾಗ ಮತ್ತೆ ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲೊಂದು, ಮಳೆಗಾಲ ಮುಗಿದ ಮೇಲೊಂದು ಮಾಡಿಸಿದರೆ ಇನ್ನೂ ಒಳ್ಳೆಯದು.

ವರದಿ ಕೆಂಪು ಬಂದರೆ?

ಮೊದಲನೆಯದು, ಬಾಯಿಗೆ ಹೋಗೋ ನೀರು ಬದಲಾಯಿಸಿ. ಪರೀಕ್ಷೆಯಾದ ಬೇರೆ ಮೂಲ ಹತ್ತಿರ ಇದ್ದರೆ ಅದೇ ಸುಲಭ. ತುಮಕೂರು ನಗರದಲ್ಲಿ ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರಿನ ನಲ್ಲಿ ಇದ್ದರೆ ಕುಡಿಯೋಕೆ, ಅಡುಗೆಗೆ ಅದನ್ನೇ ಇಟ್ಟುಕೊಳ್ಳಿ, ಬೋರ್ ನೀರು ಮಿಕ್ಕ ಕೆಲಸಕ್ಕೆ. ತಮ್ಮನಿಗೆ ನಾನು ಹೇಳಿದ್ದು ಇದನ್ನೇ.

ಎರಡನೆಯದು, ಊರಿನ ಶುದ್ಧ ಕುಡಿಯುವ ನೀರಿನ ಘಟಕ. ಆರ್‌ಒ ಸರಿಯಾಗಿ ಕೆಲಸ ಮಾಡ್ತಿದ್ದರೆ ಫ್ಲೋರೈಡ್, ಆರ್ಸೆನಿಕ್ ಎರಡನ್ನೂ ತುಂಬಾ ಮಟ್ಟಿಗೆ ತೆಗೆಯುತ್ತದೆ. ಮೆಂಬ್ರೇನ್ ಹಳೆಯದಾದರೆ ಇಲ್ಲ. ಅದಕ್ಕೇ ಘಟಕದ ನಲ್ಲಿಯ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಆರ್‌ಒ ಹೊರಗೆ ಬಿಡೋ ವೇಸ್ಟ್ ನೀರಿನಲ್ಲಿ ಈ ವಿಷಗಳು ದಟ್ಟವಾಗಿರುತ್ತವೆ. ಅದನ್ನ ಬೋರ್ ಪಕ್ಕದ ಇಂಗುಗುಂಡಿಗೆ ಬಿಡಬೇಡಿ, ದನಗಳಿಗೆ ಕುಡಿಸಬೇಡಿ.

ಮೂರನೆಯದು, ಮಳೆ ನೀರು. ಕಲ್ಲಿನ ಸಹವಾಸ ಇಲ್ಲದ ನೀರು ಅದು. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಶೋಧಿಸಿ, ಮುಚ್ಚಿದ ತೊಟ್ಟಿಯಲ್ಲಿ ಇಟ್ಟು, ಕುಡಿಯುವಾಗ ಕುದಿಸಿ. ಕುಡಿಯೋಕೆ, ಅಡುಗೆಗೆ ಅಂದರೆ ಐದು ಜನರ ಮನೆಗೆ ದಿನಕ್ಕೆ 25 ಲೀಟರ್ ಸಾಕು. 5,000 ಲೀಟರ್ ಇದ್ದರೆ 200 ದಿನ ಆಯಿತು.

ನಾಲ್ಕನೆಯದು, ಊಟ. ಫ್ಲೋರೈಡ್ ಇರುವ ಕಡೆ ಸುಣ್ಣದ ಅಂಶ ಮತ್ತು ವಿಟಮಿನ್ ಸಿ ದೇಹಕ್ಕೆ ಸಹಾಯ ಮಾಡುತ್ತವೆ. ರಾಗಿ, ಹಾಲು, ಮೊಸರು, ನುಗ್ಗೆಸೊಪ್ಪು, ನೆಲ್ಲಿಕಾಯಿ. ಎಲ್ಲ ನಮ್ಮಲ್ಲೇ ಇದೆ. ಆದರೆ ಊಟ ಬರೀ ಜೊತೆಗಾರ. ವಿಷದ ನೀರು ಕುಡೀತಾ ನೆಲ್ಲಿಕಾಯಿ ತಿಂದರೆ ಆಗೋದಿಲ್ಲ. ಹಳೆಯ ಆರ್ಸೆನಿಕ್ ಕಾಯಿಲೆಗೆ ಇದೇ ಮದ್ದು ಅಂತ ಯಾರಾದರೂ ಪುಡಿ, ಕಷಾಯ ಮಾರಿದರೆ ದುಡ್ಡು ಕೊಡಬೇಡಿ. ನೀರು ನಿಲ್ಲಿಸೋದೇ ಮೊದಲ ಚಿಕಿತ್ಸೆ.

ನಮ್ಮ ಮನೆಯಲ್ಲಿ ಈಗ

ಒಲೆ ಪಕ್ಕ ಒಂದು ಸ್ಟೀಲ್ ಕೊಳಗ ಇಟ್ಟಿದ್ದೀವಿ. ಕುಡಿಯೋಕೆ, ಎಸರಿಗೆ, ಸಾರಿಗೆ ಅದರ ನೀರೇ. ಘಟಕದಿಂದ ಬೆಳಗ್ಗೆ ಎರಡು ಕ್ಯಾನ್ ತರೋದು ನನ್ನ ಕೆಲಸ. ತಂದ ಮೊದಲ ದಿನವೇ ಆ ನೀರನ್ನೂ ಪರೀಕ್ಷೆಗೆ ಕೊಟ್ಟೆ, ಮಿತಿಯೊಳಗಿದೆ. ಬೋರ್ ಪೈಪಿನ ಮೇಲೆ ಅಣ್ಣನ ಮಗಳು ತಾನೇ ಕೆಂಪು ಪೇಂಟ್‌ನಲ್ಲಿ ಒಂದು ಪಟ್ಟಿ ಬಳಿದಿದ್ದಾಳೆ. ಬಾಂಗ್ಲಾದೇಶದ ಕಥೆ ಹೇಳಿದ್ದೆ, ಅದಕ್ಕೆ.

ಅವಳ ಹಲ್ಲಿನ ಕಲೆ ಹೋಗಲ್ಲ. ದೊಡ್ಡವಳಾದ ಮೇಲೆ ದಂತವೈದ್ಯರ ಹತ್ತಿರ ಮೇಲ್ಪದರ ಸರಿಮಾಡಿಸಬಹುದು ಅಂದಿದ್ದಾರೆ. ಹಲ್ಲುಜ್ಜಲ್ಲ ಅಂತ ಬೈದದ್ದಕ್ಕೆ ಅವಳ ಹತ್ತಿರ ಕ್ಷಮೆ ಕೇಳಿದೆ. ನನ್ನ ಮಗನಿಗೆ ಈಗ ಮೂರು ವರ್ಷ. ಅವನ ಶಾಶ್ವತ ಹಲ್ಲುಗಳು ಇನ್ನೂ ವಸಡಿನೊಳಗೆ ತಯಾರಾಗ್ತಿವೆ. ಅವನ ಮಟ್ಟಿಗೆ ಇನ್ನೂ ಸಮಯ ಇದೆ.

ಕುಣಿಗಲ್‌ನ ಆ ಹುಡುಗನಿಗೆ ಕೊನೆಗೂ ಉತ್ತರ ಕಳಿಸಿದೆ: "ತಮ್ಮಾ, ನಿಮ್ಮ ಬೋರ್‌ನಲ್ಲಿ ಏನಿದೆ ಅಂತ ನಾನು ಹೇಳೋಕಾಗಲ್ಲ, ನೀನೂ ಹೇಳೋಕಾಗಲ್ಲ. ಒಂದು ಬಾಟಲಿ ನೀರು ಹಿಡಿದು ಲ್ಯಾಬ್‌ಗೆ ಕೊಡು. ಆರ್ಸೆನಿಕ್ ಮತ್ತು ಫ್ಲೋರೈಡ್, ಎರಡನ್ನೂ ಕೇಳು." ಮಾರನೇ ದಿನ ಅವನಿಂದ ಒಂದು ಫೋಟೋ ಬಂತು. ಬಾಟಲಿ, ಅದರ ಮೇಲೆ ಊರು, ಸರ್ವೆ ನಂಬರ್, ದಿನಾಂಕ.

ಈ ವಾರ ನೀವು ಮಾಡಬೇಕಾದ್ದೂ ಅದೇ. ಮುಂದಿನ ಮಂಗಳವಾರವೋ ಬುಧವಾರವೋ ತುಮಕೂರಿಗೆ ಕೊಬ್ಬರಿ, ಅಡಿಕೆ, ತರಕಾರಿ ಅಂತ ಹೋಗೋ ಕೆಲಸ ಇದ್ದೇ ಇರುತ್ತದೆ. ಗಾಡಿಯಲ್ಲಿ ಒಂದು ಬಾಟಲಿಗೆ ಜಾಗ ಮಾಡಿ.